ಮೆಲ್ಲಗೆ ಊದುವವನ ಗಟ್ಟಿಮೇಳ

ನನ್ನ ಗಂಡ ಪ್ರಭಂಜನ ಕೂಲ್ ಜಾಝ್ ಸ್ಯಾಕ್ಸೋಫೋನ್ ಕಲಾವಿದ. ಹಾಗೆಂದರೇನು ಎಂದು ಕೇಳಿದವರಿಗೆ ನಾನು ಹೇಳುವುದಿಷ್ಟೇ: ಪಕ್ಕದ ಮನೆಯ ಮಗು ನಿದ್ದೆಯಿಂದ ಏಳದ ಹಾಗೆ ಊದುವುದು. ಹಗಲು ಟೆಕ್ಸಸ್ಸಿನ ಪ್ಲೇನೋ ಊರಿನಲ್ಲಿ ಸಾಫ್ಟ್‌ವೇರ್ ಕೆಲಸ, ಸಂಜೆ ಸಂಗೀತ.

ಮೊದಲ ಆಲ್ಬಂ ಹ್ಯೂಸ್ಟನ್ನಿನ ಸ್ಟುಡಿಯೋದಲ್ಲಿ ತಯಾರಾಯಿತು. ಅದನ್ನು ಕೇಳಿದ ಅವನ ತಾಯಿ, "ಹುಷಾರಿಲ್ವೇನೋ?" ಎಂದು ಫೋನ್ ಮಾಡಿದರು. ಎರಡನೆಯದು ಆಸ್ಟಿನ್ನಿನ ಬಾರೊಂದರಲ್ಲಿ. ಅದರಲ್ಲಿ ಗ್ಲಾಸಿನ ಐಸ್ ಅಲುಗುವ ಸದ್ದೇ ಮುಂದಿದೆ, ಇವನದು ಪಕ್ಕವಾದ್ಯ. ಮೂರನೆಯದನ್ನು ನಮ್ಮ ಮನೆಯ ಬಟ್ಟೆ ಇಡುವ ಕ್ಲಾಸೆಟ್ಟಿನೊಳಗೇ ರೆಕಾರ್ಡ್ ಮಾಡಿದ. ನನ್ನ ರೇಷ್ಮೆ ಸೀರೆಗಳು ಪ್ರತಿಧ್ವನಿಯನ್ನು ನುಂಗುತ್ತವಂತೆ. ಅಷ್ಟು ಸಭ್ಯ ಶ್ರೋತೃಗಳು ಅವನಿಗೆ ಬೇರೆಲ್ಲೂ ಸಿಕ್ಕಿರಲಿಲ್ಲ.

"ಇದನ್ನೂ ಯಾರೂ ಕೇಳ್ಲಿಲ್ಲ ಅಂದ್ರೆ ಸ್ಯಾಕ್ಸೋಫೋನ್ ಮಾರ್ಬಿಡ್ತೀನಿ ಕಣೇ," ಎಂದ. ನನಗೆ ನಗು ಬರಲಿಲ್ಲ.

ಆಗ ಬಂದರು ಪಕ್ಕದೂರು ಅಲೆನ್‌ನ ಶಕುಂತಲಾ ಆಂಟಿ, ಮಂಗಳೂರಿನವರು. "ನಮ್ಮ ಮಗಳು ಇಶಾಳ ಮದುವೆಗೆ ನೀವೇ ನುಡಿಸಬೇಕು ಮಾರಾಯ್ರೆ. ನಮ್ಮೂರಲ್ಲಿ ಮದುವೆ ಅಂದ್ರೆ ಸ್ಯಾಕ್ಸೋಫೋನೇ." ಅವರು ಕೇಳಿದ್ದು ಮಂಗಳವಾದ್ಯ, ಇವನಿಗೆ ಕೇಳಿಸಿದ್ದು ಕಛೇರಿ. ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ ಎಂದು ಕುಣಿದಾಡಿ ಒಪ್ಪಿಬಿಟ್ಟ.

ಮುಹೂರ್ತ ಬಂತು. ಮದುಮಗ ತಾಳಿ ಎತ್ತಿದ. ಪುರೋಹಿತರು ಕೈಯೆತ್ತಿ "ಗಟ್ಟಿಮೇಳ! ಗಟ್ಟಿಮೇಳ!" ಎಂದರು. ಆ ಹೊತ್ತಿಗೆ ಅಪಶಕುನದ ಸೀನು, ಕೆಮ್ಮು ಯಾರ ಕಿವಿಗೂ ಬೀಳದಿರಲಿ ಎಂದೇ ವಾದ್ಯ ಮೊಳಗಬೇಕು. ನಮ್ಮ ಕಲಾವಿದ ಇದು ಘನವಾದ ಗಳಿಗೆಯೆಂದು ಕಣ್ಣು ಮುಚ್ಚಿ ಇನ್ನೂ ಮೆಲ್ಲಗೆ ಊದಿದ. ಆ ಪ್ರಶಾಂತತೆಯಲ್ಲಿ ಮುಂದಿನ ಸಾಲಿನ ಶಿವಪುತ್ರಪ್ಪ ಅಂಕಲ್ ಸೀನಿದರು. ಟೆಕ್ಸಸ್ಸಿನ ಸೀಡರ್ ಮರದ ಪರಾಗ ಮುಹೂರ್ತ ನೋಡಿ ಹಾರುವುದಿಲ್ಲ.

"ತಡೀಲಿಕ್ಕೆ ಆಗ್ಲಿಲ್ರಿ," ಎಂದರು ಅಂಕಲ್.

"ಗಟ್ಟಿಯಾಗಿ ಊದಿ ಮಾರಾಯ್ರೆ!" ಆಂಟಿ ಕಿರುಚಿದರು. ಪ್ರಭಂಜನ ಬೆಚ್ಚಿಬಿದ್ದು ಒಂದೇ ಸ್ವರವನ್ನು ಕಿವಿ ಕಿತ್ತುಹೋಗುವಂತೆ ಊದಿದ. ಆ ಸದ್ದಿನಲ್ಲೇ ತಾಳಿ ಕಟ್ಟಿಯಾಯಿತು, ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು.

ಆ ವಿಡಿಯೊ ಹ್ಯೂಸ್ಟನ್, ಆಸ್ಟಿನ್ ಕನ್ನಡಿಗರ ವಾಟ್ಸ್ಯಾಪ್‌ಗಳಲ್ಲೆಲ್ಲ ಓಡಾಡಿತು. ಇಷ್ಟು ವರ್ಷಗಳಲ್ಲಿ ಮೊದಲ ಬಾರಿಗೆ ಕಲಾವಿದನಿಗೆ ಬೇಡಿಕೆ ಬಂತು. "ಗೃಹಪ್ರವೇಶಕ್ಕೆ ಬನ್ನಿ ಸಾರ್, ಅದೇ ಒಂದು ಸ್ವರ ಸಾಕು," ಎಂದರು ಟೇಲರ್ ಎಂಬ ಊರಿನ ಸತ್ಯಪ್ರಕಾಶ.

ಆ ಸಂಜೆ ಕ್ಲಾಸೆಟ್ಟಿನ ಬಾಗಿಲು ಮುಚ್ಚಿತ್ತು. ಸ್ಯಾಕ್ಸೋಫೋನನ್ನು ಮಾರಲು ಒರೆಸುತ್ತಿದ್ದಾನೆಂದು ಹೆದರಿ ತೆರೆದೆ. ಸೀರೆಗಳ ನಡುವೆ ಕೂತು ಮೆಲ್ಲಗೆ ಊದುತ್ತಿದ್ದ.

"ಇದು ಯಾರಿಗ್ ಬೇಕು ಹೇಳು, ದಾಕ್ಷಾಯಣಿ."

"ನನಗ್ ಬೇಕು. ಊದು," ಎಂದು ಪಕ್ಕದಲ್ಲೇ ಕೂತೆ. ಎಷ್ಟು ಚೆಂದ ಊದುತ್ತಾನೆ, ಪಾಪಿ! ಅಷ್ಟರಲ್ಲಿ ಸೀರೆಗಳ ನುಸಿಗುಳಿಗೆಯ ಘಾಟು ಮೂಗಿಗೇರಿ ಸೀನು ಒತ್ತರಿಸಿ ಬಂತು. ಅವನು ಮುಗಿಸುವವರೆಗೂ ಮೂಗು ಹಿಡಿದುಕೊಂಡೇ ಕೂತಿದ್ದೆ.