ತುಟಿ ಚೂಪು

"ಎದ್ದೇಳೇ, ನಾಟ್ಕದ ಮುಂಡೆ! ತಿನ್ನಕ್ಕೆ ಉಸ್ರು ಕಟ್ಟಕ್ಕಿಲ್ಲ, ಒಲೆ ಉರ್ಸಕ್ಕೆ ಮಾತ್ರ ಕಟ್ತದಾ?"

ಆಲೆಮನೆಯ ಯಜಮಾನ ದೇವರಾಜು ಕೂಗಿದಾಗ ಬೆಟ್ಟಮ್ಮ ಕುಕ್ಕರಿಸಿ ಕೂತು ದಮ್ಮು ಸುಧಾರಿಸಿಕೊಳ್ಳುತ್ತಿದ್ದಳು. ಒಣಗಿದ ಕಬ್ಬಿನ ಸಿಪ್ಪೆಯನ್ನು ಬಾಚಿ ತಬ್ಬಿಕೊಂಡು ತಂದು ಒಲೆಯ ಬಾಯಿಗೆ ತುರುಕುವುದು ಅವಳ ಕೆಲಸ. ಸಿಂಧಘಟ್ಟಕ್ಕೆ ಸೊಸೆಯಾಗಿ ಬಂದಾಗಿನಿಂದ ಆ ಹೊಗೆಯನ್ನೇ ಕುಡಿದಿದ್ದಳು. ಬೀಡಿ ಮುಟ್ಟಿದವಳಲ್ಲ. ಕೂತರೆ ಏನೂ ಇಲ್ಲ. ಹೊರೆ ಎತ್ತಿ ನಡೆದರೆ ಸಾಕು, ಎದೆ ಕುಯ್ಯೋ ಅನ್ನುತ್ತಿತ್ತು.

"ಕುಂತಾಗ ಗುಂಡ್ಕಲ್ಲಂಗವ್ಳೆ, ನೋಡ್ರಲಾ!" ಎಂದ ದೇವರಾಜು.

"ನಾಟ್ಕ ಅಲ್ಲ ಗೌಡ್ರೆ," ಗಾಣಕ್ಕೆ ಕಬ್ಬು ಕೊಡುತ್ತಿದ್ದ ಪುಟ್ಟತಾಯಮ್ಮ ಅಂದಳು. "ನೆನ್ನೆ ನಾನೇ ಪೇಟೆ ಆಸ್ಪತ್ರೆಗೆ ಕರ್ಕೊಂಡೋಗಿದ್ದೆ. ಕೊಳ್ವೆ ಊದ್ಸುದ್ರು, ನಡ್ಸಿ ನಡ್ಸಿ ನೋಡುದ್ರು."

ನಿಜ. ಆಸ್ಪತ್ರೆ ವರಾಂಡದ ಆ ತುದಿ ಮುಟ್ಟುವುದರೊಳಗೆ ಬೆಟ್ಟಮ್ಮ ಗೋಡೆ ಹಿಡಿದಿದ್ದಳು. "ನಡೆದಾಗ ಬೇಗ ಬೇಗ ಉಸಿರೆಳೀತೀರಮ್ಮ," ಎಂದಿದ್ದಳು ಡಾಕ್ಟರು ಹರ್ಷಿತ. "ಒಳಗಿರೋ ಗಾಳಿ ಪೂರ್ತಿ ಹೊರಗೆ ಹೋಗೋಕೆ ಮೊದಲೇ ಇನ್ನೊಂದು ಉಸಿರು. ಹಳೇದು ಒಳಗೇ ಉಳಿದು, ಹೊಸದಕ್ಕೆ ಜಾಗ ಸಿಗಲ್ಲ."

"ನಮ್ಮನೆ ನೆಂಟ್ರಂಗೆ ಅನ್ನವ್ವ! ಬಂದೋರು ಓಗಾಕಿಲ್ಲ," ಎಂದಿದ್ದಳು ಬೆಟ್ಟಮ್ಮ.

ಡಾಕ್ಟರು ನಕ್ಕಿದ್ದಳು. ಬಾಯಿಂದ ಔಷಧಿ ಎಳೆದುಕೊಳ್ಳುವ ಪಂಪು ಕೊಟ್ಟು, ಒಲೆ ಕೆಲಸ ಬಿಡಿ, ನಿಧಾನವಾಗಿ ದಿನಾ ನಡೀರಿ ಅಂದಿದ್ದಳು. ದಮ್ಮು ಕಟ್ಟಿದರೆ ತುಟಿ ಚೂಪು ಮಾಡಿ, ಸಿಳ್ಳೆ ಹಾಕುವ ಹಾಗೆ ಮೆಲ್ಲಗೆ ಉಸಿರು ಬಿಡಬೇಕು.

ಈಗ ಬೆಟ್ಟಮ್ಮ ತುಟಿ ಚೂಪು ಮಾಡಿದಳು. ಮುಂದಿನ ಹಲ್ಲೊಂದು ಇರಲಿಲ್ಲ. ಸಿಳ್ಳೆಯೇ ಬಂದುಬಿಟ್ಟಿತು.

ದೇವರಾಜು ಹೌಹಾರಿದ. "ಲೇ! ನಂಗೇ ಸಿಳ್ಳೆ ಒಡೀತೀಯೇನೇ, ಬೇವರ್ಸಿ?"

ಅವನ ಮುಖ ನೋಡಿ ಬೆಟ್ಟಮ್ಮನಿಗೆ ನಗು ಒತ್ತರಿಸಿ ಬಂತು. ನಕ್ಕರೆ ದಮ್ಮು, ದಮ್ಮು ಕಟ್ಟಿದರೆ ಸಿಳ್ಳೆ, ಸಿಳ್ಳೆ ಕೇಳಿದರೆ ಮತ್ತೆ ನಗು. ಅವನು ಹೊಡೆಯಲು ಕೈಯೆತ್ತಿದ. ಹಿಂದಿನಿಂದ ಇನ್ನೊಂದು ಸಿಳ್ಳೆ: ಪುಟ್ಟತಾಯಮ್ಮ! ಕೊಪ್ಪರಿಗೆಯಲ್ಲಿ ಪಾಕ ತಿರುವುತ್ತಿದ್ದ ಮುದುಕ ದ್ಯಾವಯ್ಯ ಸೌಟು ಬಿಟ್ಟು, ಬೆರಳು ಮಡಚಿ ಬಾಯಿಗಿಟ್ಟುಕೊಂಡ. ಆಲೆಮನೆಯ ತಗಡು ಅದುರಿತು.

"ಒಲೆ ಆರ್ತದೆ ಕಣ್ರೋ! ಪಾಕ ಕೆಡ್ತದೆ!"

ಯಾರೂ ಕದಲಲಿಲ್ಲ. ಕೊನೆಗೆ ದೇವರಾಜುವೇ ಗರಿಗರಿ ಬಿಳಿ ಅಂಗಿಯಲ್ಲಿ ಸಿಪ್ಪೆ ತಬ್ಬಿಕೊಂಡು ಓಡಿದ. ಒಲೆ ಬುಸ್ ಅಂತ ಹೊಗೆ ಕಾರಿತು. ಕೆಮ್ಮಿ, ಕಣ್ಣುಜ್ಜಿ, ಹುಬ್ಬು ಸೀದುಕೊಂಡು ಈಚೆ ಬಂದ.

ಬೆಟ್ಟಮ್ಮ ಎದ್ದಳು. ನಗು ನಿಂತಿತ್ತು. "ಗೌಡ್ರೆ, ಅಚ್ಚು ಬೆಲ್ಲ ಜೋಡ್ಸೋ ಕೆಲ್ಸ ಕೊಡಿ, ಮಾಡ್ತೀನಿ. ಒಲೆ ತಾವ್ಕೆ ನಾ ಇನ್ ಬರಾಕಿಲ್ಲ."

"ತೊಲಗೇ! ನಿನ್ನಂತೋರು ಸಾವ್ರ ಜನ ಸಿಕ್ತಾರೆ."

ಅವಳು ಸೆರಗು ಕೊಡವಿ ನಡೆದಳು. ಪುಟ್ಟತಾಯಮ್ಮ ಗಾಣ ನಿಲ್ಲಿಸಿ ಜೊತೆಯಾದಳು. "ತಡ್ರವ್ವ, ನಾನೂ ಬಂದೆ," ಎಂದು ದ್ಯಾವಯ್ಯ ಟವಲು ಹೆಗಲಿಗೇರಿಸಿದ. ಉಳಿದವರೂ ಹೊರಟರು. ಹಿಂದೆ ಪಾಕ ಸೀದ ಘಾಟು, ದೇವರಾಜುವಿನ ಬೈಗುಳ.

ನಾಳೆ ಎಲ್ಲಿ ಕೆಲಸ, ಯಾರಿಗೂ ಗೊತ್ತಿರಲಿಲ್ಲ. ರಸ್ತೆಯ ಏರಿನಲ್ಲಿ ಬೆಟ್ಟಮ್ಮ ನಿಂತಳು. ಎಲ್ಲರೂ ನಿಂತರು. ಹಿಂದೆ ಬಂದ ಟ್ರಾಕ್ಟರು ಹಾರ್ನ್ ಬಾರಿಸಿತು.

"ಇರ್ಲಾ!" ದ್ಯಾವಯ್ಯ ರಸ್ತೆ ನಡುವೆ ಕೈ ಅಗಲಿಸಿ ನಿಂತ. "ನಮ್ಮವ್ವ ಉಸ್ರು ಬುಡ್ತಾವ್ಳೆ."