ಅರ್ಥಾತ್ ಸರ್ ಬಿಟ್ಟ ಒಂದು ಅರ್ಥ

ಯಾರಾದರೂ ಮಾತಿನ ಭರದಲ್ಲಿ ಒಂದು ಪದವನ್ನು ಸಡಿಲವಾಗಿ ಬಳಸಿದರೆ ನಮ್ಮ ಸರ್ ಅವರ ಕಾಲು ತಾನಾಗಿಯೇ ನಿಂತುಬಿಡುತ್ತಿತ್ತು. ಮೆಟ್ಟಿಲು ಹತ್ತುತ್ತಿದ್ದರೆ ಒಂದು ಪಾದ ಮೇಲೆ, ಇನ್ನೊಂದು ಕೆಳಗೆ. ರಸ್ತೆ ದಾಟುತ್ತಿದ್ದರೆ ನಟ್ಟನಡುವೆ, ಎರಡೂ ಕಡೆಯ ವಾಹನಗಳು ಅರಚುತ್ತಿರುವಾಗ. ತಲೆಯನ್ನು ತುಸು ಎಡಕ್ಕೆ ವಾಲಿಸಿ, ಯಾವುದೋ ದೂರದ ನಾದಕ್ಕೆ ಕಿವಿಗೊಟ್ಟವರಂತೆ ನಿಂತು, "ಅರ್ಥಾತ್?" ಎನ್ನುತ್ತಿದ್ದರು. ಅದು ಆಕ್ಷೇಪಣೆಯಲ್ಲ, ಶುದ್ಧ ಕುತೂಹಲ. ನಿಘಂಟಿನ ಕಚೇರಿಯಲ್ಲಿ ನಾವೆಲ್ಲ ಬೆನ್ನ ಹಿಂದೆ ಅವರನ್ನು ಅರ್ಥಾತ್ ಸರ್ ಎಂದೇ ಕರೆಯುತ್ತಿದ್ದೆವು. ಅದು ಅವರಿಗೆ ಗೊತ್ತಿತ್ತು. ಒಳಗೊಳಗೇ ಹಿಗ್ಗೂ ಇತ್ತೆಂದು ನನ್ನ ಗುಮಾನಿ.

ಅವರಿಗೊಂದು ಕಂದು ಕೋಟು. ಅದರ ಅಸ್ತರು ಹೊಸದು, ಗುಂಡಿಗಳು ಬೇರೊಂದರವು, ಕಾಲರನ್ನು ದರ್ಜಿ ತಿರುವಿ ಹೊಲಿದಿದ್ದ. "ಕೋಟು ಬದಲಾಯಿಸಬಾರದಾ ಸರ್?" ಎಂದು ನಾನೊಮ್ಮೆ ಕೇಳಿದೆ. ಆಗಷ್ಟೇ ಕೆಲಸಕ್ಕೆ ಸೇರಿದ್ದ ಹುಡುಗಿ, ಬಾಯಿಗೆ ಬೀಗವಿರಲಿಲ್ಲ. "ಬದಲಾಯಿಸ್ತಾನೇ ಇದೀನಲ್ಲಮ್ಮ, ವರ್ಷಾ ವರ್ಷಾ. ನೀನು ಹೇಳ್ತಿರೋದು ಇನ್ನೊಂದು ತಗೊಳ್ಳಿ ಅಂತ. ಎರಡಕ್ಕೂ ಒಂದೇ ಮಾತು ಅಂದ್ರೆ ಪಾಪ ದರ್ಜಿ ಏನ್ಮಾಡ್ಬೇಕು?" ಎಂದರು.

ಆ ವರ್ಷ ನಮ್ಮ ಇಂಗ್ಲಿಷ್-ಕನ್ನಡ ನಿಘಂಟಿನ ಕೆಲಸ 'ಚೇಂಜ್' ಎಂಬ ಪದಕ್ಕೆ ಬಂದು ಮುಟ್ಟಿತ್ತು. 'ಬದಲಾವಣೆ' ಎಂದು ಬರೆದು ಮುಂದೆ ಸಾಗಬಹುದೆಂದು ಎಣಿಸಿದ್ದವಳು ನಾನು. ಅವರಿಗೋ ಅದೊಂದು ಸಮುದ್ರ. ಬಸ್ಸಿನ ಕಂಡಕ್ಟರು "ಚೇಂಜ್ ಕೊಡಿ ಸ್ವಾಮಿ" ಎಂದು ರೇಗಿದರೂ ಇವರ ಮುಖ ಅರಳುತ್ತಿತ್ತು. ಅಂಗಿ ಬದಲಿಸುವವರು, ಬಸ್ಸು ಬದಲಿಸುವವರು, ಮಾತು ಬದಲಿಸುವವರು ಎಲ್ಲರೂ ಅವರ ಮೇಜಿನ ಮೇಲೆ ಚೀಟಿಗಳಾಗಿ ಬಂದು ಕೂತರು. ವಸ್ತು ಉಳಿದು ರೀತಿ ಸರಿದರೆ ಮಾರ್ಪಾಡು. ಒಳಗಿನಿಂದಲೇ ತಿರುಗಿದರೆ ಪರಿವರ್ತನೆ. ಇದ್ದ ಜಾಗವೇ ಕದಲಿದರೆ ಪಲ್ಲಟ. "ಸಮಾನಾರ್ಥಕ ಅನ್ನೋದೆಲ್ಲ ಹೊರಗಿನವರ ಮಾತಮ್ಮ. ಓರಗಿತ್ತಿಯರಿದ್ದ ಹಾಗೆ ಇವು. ಮನೆ ಒಂದೇ, ಒಲೆ ಬೇರೆ ಬೇರೆ," ಎನ್ನುತ್ತಿದ್ದರು.

ಆದರೆ ಆ ಪದ ಅವರ ಮೇಜು ಬಿಟ್ಟು ಏಳಲೇ ಇಲ್ಲ. ಕರಡಚ್ಚು ಬಂದ ಮೇಲೂ ತಿದ್ದದೆ ಇಟ್ಟುಕೊಂಡು, ಮಧ್ಯಾಹ್ನದ ಬಿಸಿಲು ಹಾಳೆಯ ಮೇಲಿಂದ ಜಾರಿ ನೆಲಕ್ಕಿಳಿಯುವ ತನಕ ಕಿಟಕಿಯನ್ನೇ ನೋಡುತ್ತ ಕೂತಿರುತ್ತಿದ್ದರು. ಮುದ್ರಣಾಲಯದವರು ದಿನವೂ ಫೋನು ಮಾಡತೊಡಗಿದರು.

ಕಾರಣ ಮನೆಯಲ್ಲಿತ್ತು. ಅವರ ಹೆಂಡತಿ ಒಂದು ಕಾಲಕ್ಕೆ ರೈಲು ನಿಲ್ದಾಣದಲ್ಲಿ ಪ್ರಕಟಣೆ ಓದುತ್ತಿದ್ದವರು. ಹತ್ತುವ ರೈಲಿಲ್ಲದೆ, ಬರುವ ನೆಂಟರಿಲ್ಲದೆ, ಬರೀ ಆ ಧ್ವನಿಗಾಗಿ ಪ್ಲಾಟ್‌ಫಾರಂ ಬೆಂಚಿನ ಮೇಲೆ ಸಂಜೆಗಳನ್ನು ಕಳೆದ ತರುಣ ಇವರು. ಮದುವೆಯಾದ ಮೇಲೆ ಆ ಧ್ವನಿ ಹಸ್ತಪ್ರತಿಗಳನ್ನು ಓದಿತು: ಆಕೆ ಮೂಲವನ್ನು ಗಟ್ಟಿಯಾಗಿ ಓದುವುದು, ಇವರು ಕರಡಿನಲ್ಲಿ ತಪ್ಪು ಹಿಡಿಯುವುದು. ನಿಘಂಟಿನ ಪ್ರತಿಯೊಂದು ಪದವೂ ಆ ಕಂಠದಿಂದ ಹಾದು ಬಂದದ್ದೇ. ಆ ವರ್ಷ ಆಕೆಯ ಗಂಟಲಿಗೆ ಶಸ್ತ್ರಚಿಕಿತ್ಸೆಯಾಯಿತು. ಜೀವ ಉಳಿಯಿತು, ಮರಳಿ ಬಂದ ಧ್ವನಿ ಮಾತ್ರ ಯಾರದೋ.

ಒಂದು ಭಾನುವಾರ ಹಾಳೆಗಳನ್ನು ಕೇಳಿ ತರಲು ನಾನು ಅವರ ಮನೆಗೆ ಹೋದೆ. ಕೆಲಸ ಮುಗಿದಿಲ್ಲವೆಂದು ಅವರು ಕೈಯಲ್ಲಾಡಿಸಿದರು. ಆಕೆ ನಗುತ್ತ ಚಹಾ ತಂದಿಟ್ಟು, ತುಟಿ ಬಿಚ್ಚದೆ ಒಳಗೆ ಹೋದರು. ಹೊರಟಾಗ ಗೇಟಿನವರೆಗೆ ಬಂದು, ಒದ್ದೆ ಮರಳಿನ ಮೇಲೆ ಹಲಗೆ ಎಳೆದಂಥ ದನಿಯಲ್ಲಿ ಹೇಳಿದರು: "ಒಳಗೆ ಮಾತಾಡಲ್ಲಮ್ಮ ನಾನು. ನಾನು ಬಾಯಿ ತೆಗೆದ್ರೆ ಅವರು ಕಣ್ಣು ಮುಚ್ಕೊಂಡುಬಿಡ್ತಾರೆ. ಪಾಪ, ಹಿಡಿಸಲ್ಲ ಅಂತ ಹೇಳೋಕಾಗಲ್ಲ ಅವರಿಗೆ."

ಮರುದಿನ ಕಚೇರಿಯ ಮೆಟ್ಟಿಲ ಮೇಲೆ, ಅಧಿಕಪ್ರಸಂಗವೆಂದು ತಿಳಿದೂ, ನಾನದನ್ನು ಅವರಿಗೆ ಹೇಳಿಬಿಟ್ಟೆ. ಅವರ ಕಾಲು ನಿಂತಿತು. ಈ ಸಲ ಅವರು ಅರ್ಥ ಕೇಳಲಿಲ್ಲ. ಕೈಹಿಡಿಕೆಯನ್ನು ಸವರುತ್ತ, "ಹಳೇ ದನಿ ಅದರೊಳಗೆ ಎಲ್ಲಾದ್ರೂ ಇದೆಯೇನೋ ಅಂತ ಹುಡುಕ್ತಿದ್ದೆ," ಎಂದರು. "ಕಣ್ಣು ಮುಚ್ಚಿದ್ರೆ ಸಿಗಬಹುದು ಅನ್ನಿಸ್ತಿತ್ತು. ಅವಳ ಮುಖ ನೋಡೋದನ್ನೇ ಮರ್ತೆ."

ಅಂದೇ ಸಂಜೆ ನನ್ನನ್ನೂ ಜೊತೆಗೆ ಕರೆದೊಯ್ದರು. ಒಬ್ಬರೇ ಹೋಗಲು ಅಳುಕಿತ್ತೆಂದು ಕಾಣುತ್ತದೆ. ಹಸ್ತಪ್ರತಿಯನ್ನು ಹೆಂಡತಿಯ ಮುಂದೆ ಇಟ್ಟು, "ಓದು" ಎಂದರು. ಆಕೆ ನನ್ನತ್ತ ಬೆರಳು ತೋರಿಸಿದರು.

"ಅವಳು ಓದೋದು ಬೆಂಕಿ ಬಿದ್ದ ಮನೆಯಿಂದ ಓಡ್ದಂಗೆ. ಅಲ್ಪವಿರಾಮ ಎಲ್ಲ ನುಂಗ್ತಾಳೆ. ನೀನೇ ಓದು."

ಆಕೆ ಓದಿದರು. ದನಿ ಮೊದಲು ತಡವರಿಸಿತು, ಸೀಳಿತು, ಆಮೇಲೆ ತನ್ನದೇ ಒರಟು ಹದವೊಂದನ್ನು ಕಂಡುಕೊಂಡು ಮೆಲ್ಲಗೆ ನಡೆಯತೊಡಗಿತು. ಮಾರ್ಪಡು, ಪರಿವರ್ತಿಸು, ಪಲ್ಲಟಗೊಳ್ಳು. ಕಿಟಕಿಯ ಪರದೆ ಉಸಿರೆಳೆದಂತೆ ಒಳಬಂದು ಹೊರಹೋಗುತ್ತಿತ್ತು; ಬೀದಿಯ ಸದ್ದೆಲ್ಲ ಯಾವುದೋ ನೀರಿನಾಚೆಗೆ ಸರಿದಂತಿತ್ತು. ಅವರು ಕರಡನ್ನು ನೋಡುತ್ತಿರಲಿಲ್ಲ. ಕಣ್ಣು ತೆರೆದು ಆಕೆಯ ತುಟಿಗಳನ್ನೇ ನೋಡುತ್ತಿದ್ದರು. ಅಂದು ಎಷ್ಟು ಅಚ್ಚಿನ ತಪ್ಪುಗಳು ಪಾರಾದವೋ ದೇವರೇ ಬಲ್ಲ.

'ಬೇರೆಯಾಗು' ಎಂಬಲ್ಲಿಗೆ ಬಂದು ಆಕೆ ನಿಂತರು.

"ಇದನ್ನ ಯಾಕೆ ಹಾಕಿದೀರಿ?"

"ಮೊದಲಿನ ಹಾಗೆ ಇಲ್ಲದೆ ಹೋಗೋದು ಅಂತ. ಸರಿಯಾದ ಅರ್ಥವೇ."

"ಬೇರೆ ಆಗೋದು ಅಂದ್ರೆ ಬಿಟ್ಟು ಹೋಗೋದು ಕಣ್ರೀ. ಅಣ್ಣ ತಮ್ಮ ಬೇರೆ ಆದ್ರು ಅಂತೀವಿ. ನಾನೆಲ್ಲಿಗೆ ಹೋಗಿದೀನಿ? ಇಲ್ಲೇ ಇದೀನಲ್ಲ."

ಅವರು ಪೆನ್ನಿನ ಮುಚ್ಚಳ ತೆಗೆದು, ಆ ಪದದ ಮೇಲೆ ನೀಟಾಗಿ ಒಂದು ಗೆರೆ ಎಳೆದರು. ಆಮೇಲೆ, "ಮುಂದೆ ಓದು," ಎಂದರು. ಆ ದನಿಯೂ ಅಷ್ಟೇನೂ ನೆಟ್ಟಗಿರಲಿಲ್ಲ.

ಪ್ರಧಾನ ಸಂಪಾದಕರು ಸುಮ್ಮನೆ ಬಿಡುವವರಲ್ಲ. ಇಷ್ಟು ಸಹಜವಾದ ಅರ್ಥ ಬಿಟ್ಟುಹೋದದ್ದು ಹೇಗೆಂದು ಸಭೆಯಲ್ಲಿ ಕೇಳಿದರು. "ಬಿಟ್ಟುಹೋಗಿಲ್ಲ, ಬಿಟ್ಟಿದೀನಿ," ಎಂದರು ಅರ್ಥಾತ್ ಸರ್. "ನೀವು ಹೇಳೋದೇ ಸರಿ. ಆದರೂ ಈ ಮುದ್ರಣದಲ್ಲಿ ಬೇಡ." ಕಾಗುಣಿತಕ್ಕಾಗಿ ಮಂತ್ರಿಗಳ ಮುನ್ನುಡಿಯನ್ನೇ ಹಿಂದಕ್ಕೆ ಕಳಿಸಿದ್ದ ಮನುಷ್ಯ ಅಂದು ತಪ್ಪನ್ನು ತಪ್ಪೆಂದು ಬಲ್ಲವರಾಗಿಯೇ ಅಚ್ಚಿಗೆ ಕಳಿಸಿದರು. ಮುಂದಿನ ಸಂಪುಟಗಳೆಲ್ಲ ಆ ಒರಟು ದನಿಯಲ್ಲೇ ಓದಿಸಿಕೊಂಡು ಹೊರಬಂದವು. ಹಳೆಯ ದನಿ ಮರಳಲಿಲ್ಲ. ಅದನ್ನು ಹುಡುಕಿದವರೂ ಇಲ್ಲ.

ಪದಗಳನ್ನು ತೂಗುವವರನ್ನು ನಾವು ಒಣಮರವೆಂದು ಬಗೆಯುತ್ತೇವೆ. ಕೂದಲು ಸೀಳುವ ಅವರ ಚಟಕ್ಕೆ ನಗುತ್ತೇವೆ. ಆದರೆ ಆಯುಷ್ಯವೆಲ್ಲ ಒಂದು ಮಾತಿಗೆ ಸಮನಾದ ಇನ್ನೊಂದನ್ನು ಅರಸಿ, ಯಾವುದೂ ಪೂರ್ತಿ ಸಮನಲ್ಲವೆಂದು ಕಂಡುಕೊಂಡವರು ಅವರು. ಲೋಕದಲ್ಲಿ ಒಬ್ಬರಿಗೆ ಬದಲಾಗಿ ಇನ್ನೊಬ್ಬರಿಲ್ಲವೆಂಬುದು ನಮಗೆ ಕಳೆದುಕೊಂಡ ಮೇಲೆ ತಿಳಿಯುತ್ತದೆ. ಅಂಥವರಿಗೆ ಒಮ್ಮೊಮ್ಮೆ, ಇನ್ನೂ ಎದುರಿಗೆ ಕೂತಿರುವಾಗಲೇ ತಿಳಿಯುತ್ತದೆ.