ಬುಟ್ಟಿಯ ಕಡೆ ಹೋದ ಬೆರಳು

ಚಿಕ್ಕಿಗೆ ಎರಡು ದಿನದಿಂದ ಒಂದೇ ಕಿರಿಕಿರಿ. ಪರೀಕ್ಷೆ ನಡೆದದ್ದು ಅಕ್ಕನ ಮಗಳಿಗೆ, ಮೋಸ ಮಾಡಿದ್ದು ತಾನು. ಮೋಸ ಎನ್ನುವುದು ದೊಡ್ಡ ಮಾತಾಯಿತೇನೋ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು. ಬಾಯಿ ಬಿಟ್ಟು ಏನೂ ಹೇಳಿಕೊಟ್ಟಿರಲಿಲ್ಲ. ಕಣ್ಣು ಹೊರಳಿಸಿದ್ದಳು, ಅಷ್ಟೇ.

ಅಕ್ಕನ ಮಗಳಿಗೆ ಐದು ವರ್ಷ. ಹುಟ್ಟಿನಿಂದಲೇ ಕಿವಿ ಮಂದ. ಎರಡು ವರ್ಷದಿಂದ ಕಿವಿಗೆ ಯಂತ್ರ ಹಾಕಿದ್ದಾರೆ. ಒಂದು ಕಡೆ ನಿಲ್ಲದೆ ಗಿರಗಿರ ಸುತ್ತುತ್ತಾಳೆಂದು ಟೈಲರ್ ಅಪ್ಪ ಅವಳಿಗೆ ಮಷೀನಿನೊಳಗಿನ ದಾರದ ಉರುಳೆಯ ಹೆಸರನ್ನೇ, ಬಾಬಿನ್ ಎಂದು, ಇಟ್ಟಿದ್ದ. ಮನೆಯ ಮುಂದಿನ ಕೋಣೆಯೇ ಅಂಗಡಿ. ಅಕ್ಕ, ಭಾವ ಇಬ್ಬರೂ ಮಷೀನು ಬಿಟ್ಟು ಏಳುವಂತಿಲ್ಲ. ಹಾಗಾಗಿ ಮಗು ಚಿಕ್ಕಿಯ ಪಾಲು. ಯಾರಾದರೂ "ನಿನ್ನ ಹೆಸರೇನಮ್ಮ?" ಎಂದರೆ ಬಾಬಿನ್ ಚಿಕ್ಕಿಯ ಮುಖ ನೋಡುತ್ತಿದ್ದಳು, ಉತ್ತರ ಚಿಕ್ಕಿ ಕೊಡುತ್ತಿದ್ದಳು. ನಾಲ್ಕು ಜನರ ಮುಂದೆ ತನ್ನ ಮಾತು ಆಡಬೇಕೆಂದರೆ ಚಿಕ್ಕಿ ಹಿಂಜರಿಯುತ್ತಿದ್ದಳು. ಮಗುವಿನ ಮಾತಾದರೆ ಸಲೀಸು.

ಮೊನ್ನೆ ವಾಕ್ ಶ್ರವಣ ಕೇಂದ್ರದಲ್ಲಿ ಪರೀಕ್ಷೆ ನಡೆಸುವ ಮೇಡಂ ಮೊದಲು ಯಂತ್ರದ ಬ್ಯಾಟರಿ ನೋಡಿದರು. "ನೀವು ಮಗು ಹಿಂದೆ ಕೂತ್ಕೊಳಿ" ಎಂದರು. ಮಗು ಹೆದರೀತೆಂದು ಚಿಕ್ಕಿ ಕುರ್ಚಿಯನ್ನು ಮೆಲ್ಲಗೆ ಅವಳ ಪಕ್ಕಕ್ಕೆ ಎಳೆದುಕೊಂಡಳು.

ಮೇಜಿನ ಮೇಲೆ ಎರಡು ಗೊಂಬೆ, ಒಂದು ಡಬ್ಬಿ, ಒಂದು ಬುಟ್ಟಿ. ಕೆಂಪು ಗೊಂಬೆ ಚೆಂಡನ್ನು ಡಬ್ಬಿಯಲ್ಲಿಟ್ಟು ಹೊರಗೆ ಹೋಯಿತು. ನೀಲಿ ಗೊಂಬೆ ಅದನ್ನು ತೆಗೆದು ಬುಟ್ಟಿಗೆ ಹಾಕಿತು. ಕೆಂಪು ಗೊಂಬೆ ವಾಪಸ್ಸು ಬಂತು.

"ಈಗ ಕೆಂಪು ಗೊಂಬೆ ಚೆಂಡನ್ನ ಎಲ್ಲಿ ಹುಡುಕುತ್ತೆ?"

ಬಾಬಿನ್ನಳ ಬೆರಳು ಬುಟ್ಟಿಯ ಕಡೆ ಹೋಯಿತು. ನಡುವೆಯೇ ತಡೆದು ಚಿಕ್ಕಿಯ ಮುಖ ನೋಡಿದಳು. ಚೆಂಡು ಜಾಗ ಬದಲಿಸಿದ್ದು ಕೆಂಪು ಗೊಂಬೆಗೆ ಗೊತ್ತಿಲ್ಲವಲ್ಲ, ಚಿಕ್ಕಿಯ ಕಣ್ಣು ಡಬ್ಬಿಯತ್ತ ಹೊರಳಿತು. ಬೆರಳೂ ಹಿಂದೆಯೇ ಹೊರಳಿತು. ಮೂರು ಕಥೆ, ಮೂರಕ್ಕೂ ಹೀಗೆಯೇ. ಗೊಂಬೆ ಜೋಡಿಸುತ್ತಿದ್ದ ಮೇಡಂ ತಲೆ ಎತ್ತುವಷ್ಟರಲ್ಲಿ ಬೆರಳು ಸರಿಯಾದ ಕಡೆ ಇರುತ್ತಿತ್ತು. ಮೂರೂ ಸರಿ ಎಂದು ಬರೆದುಕೊಂಡರು.

ಹೊಲಿಯಲು ಕೊಟ್ಟಿದ್ದ ಕೋಟು ಒಯ್ಯಲು ಇವತ್ತು ಅಂಗಡಿಗೆ ಬಂದ ಮೇಡಂ ಪರೀಕ್ಷೆಯ ಫಾರಂ ಕೂಡ ತಂದಿದ್ದರು.

ಬಾಬಿನ್ನಳ ಅಜ್ಜಿ ಬೆರಳಲ್ಲೇ ತಡವಿ ಗುಂಡಿ ಹಚ್ಚುತ್ತಿದ್ದ ಕೆಲಸ ಬಿಟ್ಟು ಕೇಳಿದರು: "ಅಲ್ಲಮ್ಮ, ಮಗು ಮನಸ್ಸೇನು ಪರದೆ ಬಟ್ಟೆನಾ, ಟೇಪ್ ಹಿಡಿದು ಅಳೆಯೋಕೆ?"

ಮೇಡಂ ನಕ್ಕರು. "ಅಳತೆ ತಗೊಳ್ದೆ ನೀವು ಬಟ್ಟೆ ಕತ್ತರಿಸ್ತೀರಾ ಅಜ್ಜಿ? ಹಾಗೇ ಇದು. ತನಗೆ ಗೊತ್ತಿರೋದು ಬೇರೆಯವರಿಗೆ ಗೊತ್ತಿಲ್ದೆ ಇರಬಹುದು ಅಂತ ಮಗುಗೆ ಹೊಳೆಯುತ್ತಾ ಅಂತ ನೋಡ್ತೀವಿ. ಆಟಿಸಂ ಇರೋ ಮಕ್ಕಳಿಗೂ ಇಂಥ ಆಟ ಆಡಿಸ್ತೀವಿ, ಅವರ ಕಾರಣ ಬೇರೆ. ಕಿವಿ ಮಂದ ಇರೋ ಮಕ್ಕಳಿಗೆ ಮನೆ ಒಳಗಿನ ಸಣ್ಣಪುಟ್ಟ ಮಾತು ತಪ್ಪಿಹೋಗುತ್ತೆ. 'ಅಪ್ಪ ಮರೆತಿರಬೇಕು', 'ಪಾಪ, ಅವಳಿಗೆ ಗೊತ್ತಿರಲಿಲ್ಲ' ಅಂತೆಲ್ಲ ಆಡ್ಕೋತೀವಲ್ಲ, ಅದು. ಬೇರೆ ಮಕ್ಕಳು ಅದನ್ನ ಕೇಳಿ ಕೇಳಿನೇ ಇನ್ನೊಬ್ಬರ ಮನಸ್ಸು ಊಹಿಸೋದು ಕಲೀತಾರೆ."

"ನಮ್ಮ ಬಾಬಿನ್?" ಅಕ್ಕ ಮಷೀನು ನಿಲ್ಲಿಸಿದಳು.

"ಮೂರೂ ಸರಿ ಹೇಳಿದ್ದಾಳೆ. ಇದನ್ನ ಕಲಿಸೋ ಅಭ್ಯಾಸದ ಗುಂಪಿಗೆ ಸೇರಿಸೋ ಅಗತ್ಯ ಕಾಣಲ್ಲ. ಸಹಿ ಹಾಕಿದ್ರೆ ಅವಳಿಗೆ ಇಟ್ಟಿದ್ದ ಜಾಗ ಇನ್ನೊಂದು ಮಗುಗೆ ಕೊಡ್ತೀನಿ."

ಭಾವನ ಮುಖ ಬಿಗಿಯಿತು. ಬೆಳಿಗ್ಗೆಯಷ್ಟೇ ಪಕ್ಕದ ಮನೆಯವಳು ದೂರು ತಂದಿದ್ದಳು. ಬಾಗಿಲ ಹತ್ತಿರ ಇಟ್ಟಿದ್ದ ಅವಳ ಮಗಳ ಆಟದ ಹಗ್ಗವನ್ನು ಬಾಬಿನ್ ತೆಗೆದು ಮಷೀನಿನ ಕೆಳಗೆ ಇಟ್ಟಿದ್ದಳು. ಆ ಹುಡುಗಿ ಬಾಗಿಲ ಹತ್ತಿರವೇ ಹುಡುಕಿದ್ದಕ್ಕೆ ಇವಳು ಸಿಟ್ಟಾಗಿ ದಬ್ಬಿದ್ದಳು. ಈಗ ಬೀದಿಯ ಮಕ್ಕಳು ಇವಳನ್ನು ಆಟಕ್ಕೆ ಸೇರಿಸುತ್ತಿರಲಿಲ್ಲ.

"ಅಂದ್ರೆ ಇವಳಿಗೆ ಎಲ್ಲಾ ಅರ್ಥ ಆಗುತ್ತೆ" ಎಂದ ಭಾವ. "ಗೊತ್ತಿದ್ದೂ ಬೇಕಂತಲೇ ದಬ್ಬಿದ್ದಾಳೆ. ಎರಡು ಬಿಟ್ರೆ ದಾರಿಗೆ ಬರ್ತಾಳೆ."

"ನಾನು ಬಡ್ಕೊಂಡೆ, ಅದು ಹಟ ಅಂತ" ಎಂದರು ಅಜ್ಜಿ.

ಭಾವ ಪೆನ್ನು ಕೈಗೆತ್ತಿಕೊಂಡ. ಅವನ ಮುಖ ಕಂಡು ಬಾಬಿನ್ ಎಂದಿನಂತೆ ಚಿಕ್ಕಿಯತ್ತ ತಿರುಗಿದಳು. ಹೊಲಿದ ಬಟ್ಟೆಯ ರಾಶಿಯನ್ನು ಪಕ್ಕಕ್ಕೆ ಸರಿಸಿ ಚಿಕ್ಕಿ ಎದ್ದು ನಿಂತಳು.

"ಭಾವ, ಸಹಿ ಹಾಕ್ಬೇಡಿ. ಮೂರು ಸಲವೂ ಅವಳ ಬೆರಳು ತಪ್ಪು ಕಡೆ ಹೋಗಿತ್ತು. ಸರಿ ಉತ್ತರ ನಂದು. ನಾನೇ ಕಣ್ಣಲ್ಲಿ ತೋರಿಸಿಕೊಟ್ಟೆ. ಹಗ್ಗ ಎಲ್ಲಿದೆ ಅಂತ ಆ ಹುಡುಗಿಗೂ ಗೊತ್ತು ಅಂತಲೇ ಇವಳು ಅಂದ್ಕೊಂಡಿರ್ಬೇಕು."

ಭಾವ ಪೆನ್ನು ಕೆಳಗಿಟ್ಟ. ಮೇಡಂ ಬೈಯಲಿಲ್ಲ. "ನಾನೂ ನಿಮ್ಮ ಕುರ್ಚಿ ನೋಡ್ಬೇಕಿತ್ತು. ಸೋಮವಾರ ಬೇರೆ ಕಥೆ ಇಟ್ಕೊಂಡು ಮತ್ತೆ ನೋಡೋಣ. ಜಾಗ ಹಾಗೇ ಇರಲಿ" ಎಂದರು.

"ಸೋಮವಾರ ನಾನು ಕರ್ಕೊಂಡು ಹೋಗ್ತೀನಿ" ಎಂದರು ಅಜ್ಜಿ. "ನನ್ನ ಎರಡೂ ಕಣ್ಣಿಗೆ ಪೊರೆ ಬಂದಿದೆ. ನನ್ನ ಮುಖ ಎಷ್ಟು ನೋಡಿದ್ರೂ ಅವಳಿಗೆ ಉತ್ತರ ಸಿಗಲ್ಲ."

ಈ ಕಥೆ ಓದಿದ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯಲ್ಲೂ ಕಿವಿ ಮಂದ ಇರುವ ಅಥವಾ ಆಟಿಸಂ ಇರುವ ಮಗುವಿದ್ದರೆ ಇಂಥ ಪರೀಕ್ಷೆಗೆ ಅಂಜದೆ ಕರೆದೊಯ್ಯಿರಿ. ಯಂತ್ರದ ಬ್ಯಾಟರಿ ನೋಡಿಕೊಳ್ಳಿ. ಮನೆಯಲ್ಲಿ ಸನ್ನೆಯಲ್ಲಿ ಮಾತಾಡುತ್ತಿದ್ದರೆ ಅದನ್ನು ಮೊದಲೇ ತಿಳಿಸಿ. ಮನೆಯಲ್ಲಿ, ಬೀದಿಯಲ್ಲಿ ಮಗು ಹೇಗಿರುತ್ತದೆಂದೂ ಹೇಳಿ. ಒಂದು ಆಟದಿಂದಲೇ ಎಲ್ಲವೂ ತಿಳಿಯುವುದಿಲ್ಲ. ಆಮೇಲೆ ಮಗುವಿನ ಹಿಂದೆ ಸುಮ್ಮನೆ ಕೂತುಕೊಳ್ಳಿ. ಅದು ತಪ್ಪು ಹೇಳಿದರೆ ಹೇಳಲಿ ಬಿಡಿ. ಅದಕ್ಕೆ ಏನು ಕಲಿಸಬೇಕೆಂದು ಆ ತಪ್ಪು ಉತ್ತರವೇ ನಮಗೆ ಹೇಳಿಕೊಡುತ್ತದೆ.